ಹೊನ್ನೂರುಸ್ವಾಮಿಯ ತಕರಾರು

ಹೊಸಪೇಟೆಯ ಟೈರ್ ಅಂಗಡಿಯೊಂದರ ಮೇಲಿನ ಹತ್ತಡಿ ಕೋಣೆಯಲ್ಲಿ ಕೂತು ನಾನು ಅರ್ಧ ಜಗತ್ತನ್ನು ನಡೆಸುತ್ತೇನೆ. ನಂಬದವರು ಬಂದು ನೋಡಲಿ. ಹಂಪಿಯ ಲಾಡ್ಜುಗಳು, ಕಂಪ್ಲಿಯ ಅಕ್ಕಿ ಗಿರಣಿಗಳು, ಬುಕ್ಕಸಾಗರದ ಭತ್ತದ ವ್ಯಾಪಾರಿಗಳು, ಇವರೆಲ್ಲರ ವೆಬ್‌ಸೈಟುಗಳು ಬಾಡಿಗೆಗಿರುವುದು ನನ್ನ ಸರ್ವರಿನಲ್ಲಿ. ನಾನೊಮ್ಮೆ ಸೀನಿದರೆ ತುಂಗಭದ್ರೆಯ ಎರಡೂ ದಡದಲ್ಲಿ ಇಂಟರ್‌ನೆಟ್ ನಡುಗುತ್ತದೆ. ಕನಕರಾಜ್ ಎಂಬ ಹೆಸರು ಕೇಳಿ ವೈರಸ್ಸುಗಳು ದಾರಿ ಬದಲಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆ ಬುಧವಾರ ಮಧ್ಯಾಹ್ನ ಒಂದು ಕಾಪಿರೈಟ್ ನೋಟಿಸ್ ಬಂತು. "ನಿಮ್ಮ ಸರ್ವರಿನಲ್ಲಿ ಬಂಡ್ರಿಯ ಎರ್ರೆಮ್ಮನ ಹಾಡೊಂದಿದೆ. ಅದರ ಹಕ್ಕು ನನ್ನದು. ಕೂಡಲೇ ತೆಗೆಯಿರಿ." ಕೆಳಗೆ ಹೆಸರು: ಹೊನ್ನೂರುಸ್ವಾಮಿ, ತಂದೆ ಜಂಬಪ್ಪ, ಬಂಡ್ರಿ, ಸಂಡೂರು ತಾಲ್ಲೂಕು.

ಇಂಥ ನೋಟಿಸ್ ಬಂದಾಗ ಹಾಡು ನಿಜಕ್ಕೂ ಯಾರದು ಎಂದು ವಿಚಾರಿಸುತ್ತ ಕೂರುವಂತಿಲ್ಲ. ಮೊದಲು ತೆಗೆಯಬೇಕು, ಆಮೇಲೆ ಕೇಳಬೇಕು. ಇಲ್ಲವಾದರೆ ನನಗೆ ಲೈನ್ ಕೊಟ್ಟಿರುವ ದೊಡ್ಡ ಕಂಪನಿ ನನ್ನನ್ನೇ ತೆಗೆಯುತ್ತದೆ. ನಾಲ್ಕೇ ನಿಮಿಷದಲ್ಲಿ ಇಡೀ ಸೈಟಿಗೆ ಬೀಗ ಹಾಕಿದೆ. ವಿಶ್ವದಾಖಲೆ. ಸಾಕ್ಷಿ ಇಲ್ಲ, ಅಷ್ಟೆ.

ಮೂರು ಗಂಟೆಗೆ ಜ್ಯೋತಿಲಕ್ಷ್ಮಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಸೈಟು ಅವಳದೇ. ಊರು ಬಂಡ್ರಿ, ಕಂಪ್ಲಿಯಲ್ಲಿ ಹೈಸ್ಕೂಲ್ ಟೀಚರ್.

"ಅಣ್ಣ, ನಮ್ಮ ಸೈಟ್ ಯಾಕ ಬಂದ್ ಆಗೈತ್ರಿ? ನಾಳೆ ಹನ್ನೊಂದಕ್ಕ ಸಂಡೂರಾಗ ವಿಚಾರಣಿ ಐತಿ. ವಿಚಾರಣಿ ಮಾಡೋ ಸಾಹೇಬ್ರು ಸೈಟಿನಾಗಿನ ಹಾಡು ತೆಗದು ಕೇಳ್ತೀನಿ ಅಂದಾರ."

ಆ ವಿಚಾರಣೆಯ ಕತೆ ನನಗೂ ಗೊತ್ತಿತ್ತು, ಸತ್ತವರ ಹೆಸರುಗಳಷ್ಟೇ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಗಣಿಯ ಮಣ್ಣಿನ ಗುಡ್ಡೆ ಕುಸಿದಿತ್ತು. ಅಡಿಯಲ್ಲಿ ಸಿಕ್ಕವರು ಮೂವರು ಎಂದ ಗುತ್ತಿಗೆದಾರ. ನಾಲ್ವರು ಎಂದಳು ಜ್ಯೋತಿಯ ಅಜ್ಜಿ ಎರ್ರೆಮ್ಮ. ನಾಲ್ಕನೆಯವನ ಹೆಣ ಸಿಗಲಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇರಲಿಲ್ಲ. ಆ ದಿನ ಎರ್ರೆಮ್ಮ ಗುಡ್ಡೆಯ ಮುಂದೆ ಕೂತು ನಾಲ್ವರನ್ನೂ ಹೆಸರು ಹಿಡಿದು ಕರೆದು ಹಾಡುತ್ತ ಅತ್ತದ್ದೊಂದೇ ಸಾಕ್ಷಿ. ಅದನ್ನು ರೆಕಾರ್ಡ್ ಮಾಡಿಕೊಂಡಿದ್ದ ಜ್ಯೋತಿಯ ಫೋನು ಆಮೇಲೆ ಕಾಲುವೆ ಪಾಲಾಯಿತು. ಮುದುಕಿಯ ಗಂಟಲು ಅಂದೇ ಕಟ್ಟಿಹೋಗಿ ಮಾತೇ ನಿಂತಿತ್ತು. ಉಳಿದದ್ದು ನನ್ನ ಸರ್ವರಿನಲ್ಲಿದ್ದ ಒಂದು ಪ್ರತಿ.

"ನಾನೇನ್ ಮಾಡ್ಲಿ ತಂಗಿ, ಹಕ್ಕುದಾರ ಬಂದಾನ," ಎಂದು ನೋಟಿಸ್ ತೋರಿಸಿದೆ. "ನಿಮ್ಮೂರಾಂವನ. ಮನ್ಯಾಗ ಕುಂತು ಬಗೆಹರಿಸ್ಕಳ್ರಿ."

ಓದಿದವಳು ಕುರ್ಚಿ ಬಿಟ್ಟು ನೆಲದ ಮೇಲೆ ಕುಸಿದಳು.

"ಇದು ನಮ್ಮಪ್ಪನ ಹೆಸರು, ಅಣ್ಣ. ಆ ನಾಲ್ಕನೇದಾಂವ."

ಸೈಟಿನ ಬೀಗ ತೆಗೆಯದೆ, ನನ್ನ ಕಂಪ್ಯೂಟರಿನಲ್ಲಷ್ಟೇ ಹಾಡು ಹಾಕಿದೆ. ಮುದುಕಿಯ ಒಡೆದ ದನಿ: "ನೀರು ಕಾದಾವೋ, ಏಳೋ ಹೊನ್ನೂರುಸ್ವಾಮಿ. ಕೆಂಪು ತೊಳಕಂಡು ಒಳಗ ಬಾರೋ."

ಗಣಿಯಿಂದ ಬಂದವನು ಮೈಗೆ ಹತ್ತಿದ ಅದಿರಿನ ಕೆಂಪನ್ನು ಹಿತ್ತಲಿನ ಬಚ್ಚಲಲ್ಲಿ ತೊಳೆಯದೆ ಹೊಸ್ತಿಲು ದಾಟುವುದಿಲ್ಲ. ಅವನು ಬರುವ ಹೊತ್ತಿಗೆ ಹಂಡೆಯಲ್ಲಿ ನೀರು ಕಾದಿರಬೇಕು. ಎರ್ರೆಮ್ಮ ಮಣ್ಣಿನಡಿಯವರನ್ನೂ ಹಾಗೆಯೇ ಕರೆದಿದ್ದಳು. ಸತ್ತರೆಂಬ ಮಾತು ಹಾಡಿನಲ್ಲಿ ಎಲ್ಲಿಯೂ ಇಲ್ಲ.

"ಗೊತ್ತಾತೇಳು!" ತೊಡೆ ತಟ್ಟಿದೆ. "ಗುತ್ತಿಗೆದಾರನ ಕಡೆ ಯಾವನೋ ಹೊರಗಿನಾಂವ ಇದನ್ನ ಕೇಳ್ಯಾನ. ಬದುಕಿರೋ ಮಗನ್ನ ಮುದುಕಿ ಜಳಕಕ್ಕ ಕರೀತಾಳ ಅಂದ್ಕಂಡು ಅದೇ ಹೆಸರ್ಲೇ ನೋಟಿಸ್ ಜಡದಾನ. ಎಂಥಾ ಮಬ್ಬ ಇರಬೇಕಲೇ ಇಂವ!"

ಜ್ಯೋತಿ ನಗಲಿಲ್ಲ. "ಹಾಡಿನಾಗ ತಾತನ ಹೆಸರಿಲ್ಲಣ್ಣ. ಅಜ್ಜಿ ಗಂಡನ ಹೆಸರು ಬಾಯಿಲೆ ಎತ್ತಾಕಿ ಅಲ್ಲ. ಜಂಬಪ್ಪ ಅಂತ ಹೆಂಗ ಬರದ್ರು?"

"ಗಣಿ ಪುಸ್ತಕದಾಗ ಇದ್ದಿರಬೇಕು."

"ಪುಸ್ತಕದಾಗ ಅಂಥಾ ಹೆಸರ ಇಲ್ಲಂತ ಎರಡು ವರ್ಷದಿಂದ ಆಣಿ ಮಾಡ್ಯಾರಲ್ರಿ."

"ಹಂಗಾದ್ರ ಪುಸ್ತಕ ಸುಳ್ಳು. ಇಲ್ಲಾ..."

"ಇಲ್ಲಾ?"

ಹಿಮಾಲಯವನ್ನೇ ನಾಚಿಸುವ ನನ್ನ ಏಸಿಯ ಕೆಳಗೆ ನಾನು ಬೆವತಿದ್ದೆ.

ನೋಟಿಸಿಗೆ ಎದುರು ಉತ್ತರ ಕೊಡಲು ದಾರಿಯಿದೆ, ಆದರೆ ಕೊಟ್ಟವನು ತಲೆ ಒಡ್ಡಬೇಕು. ಹತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೊಟ್ಟವನಲ್ಲ. ನೆಲದ ಮೇಲೆ ಕೂತವಳನ್ನು ನೋಡಿ ಬರೆದೆ: "ಹಕ್ಕು ತಮ್ಮದಾದರೆ ನಾಳೆ ಹನ್ನೊಂದಕ್ಕೆ ಸಂಡೂರಿನ ವಿಚಾರಣೆಗೆ ಖುದ್ದಾಗಿ ಬನ್ನಿ. ಅಲ್ಲಿಯವರೆಗೆ ಹಾಡು ಇದ್ದಲ್ಲೇ ಇರುತ್ತದೆ." ನನ್ನ ಹೆಸರು, ವಿಳಾಸ ಹಾಕಿ ಕಳಿಸಿ, ಸೈಟಿನ ಬೀಗ ತೆಗೆದೆ.

ನಾಲ್ಕೇ ನಿಮಿಷಕ್ಕೆ ಮರುಉತ್ತರ ಬಂತು. ಇಲ್ಲಿಯವರೆಗೆ ನಾನು ಹೇಳಿದ್ದರಲ್ಲಿ ಮುಕ್ಕಾಲು ಕಳೆದುಕೊಳ್ಳಿ, ಬೇಜಾರಿಲ್ಲ. ಈ ಸಾಲನ್ನು ಮಾತ್ರ ಬಂದ ಹಾಗೆಯೇ ಕೊಡುತ್ತಿದ್ದೇನೆ:

"ಬರ್ತೀನಿ. ಅವ್ವಗ ನೀರು ಕಾಯ್ಸಾಕ ಹೇಳ್ರಿ."

"ಯಾವನೋ ಆಟ ಆಡ್ತಾನ ಬಿಡು," ಎಂದು ತಿರುಗಿದರೆ ಜ್ಯೋತಿ ಆಗಲೇ ಬಂಡ್ರಿಯ ಬಸ್ಸಿಗೆ ಓಡುತ್ತಿದ್ದಳು.

ಮರುದಿನ ನಾನೂ ಸಂಡೂರಿಗೆ ಹೋದೆ. ಸಾಹೇಬರು ಹಾಡನ್ನು ಕೊನೆಯವರೆಗೆ ಕೇಳಿದರು. ನಾನು ಕೊಟ್ಟ ನೋಟಿಸ್ ಕೈಗೆತ್ತಿಕೊಂಡು, "ಹೊನ್ನೂರುಸ್ವಾಮಿ, ತಂದೆ ಜಂಬಪ್ಪ," ಎಂದು ಮೂರು ಸಲ ಕೂಗಿಸಿದರು. ಯಾರೂ ಏಳಲಿಲ್ಲ. ಗುತ್ತಿಗೆದಾರನ ಗುಮಾಸ್ತ ಎದ್ದು, "ಅಂಥಾ ಮನುಷ್ಯಾನ ಇಲ್ರಿ ಸಾಹೇಬ್ರ. ಈ ನೋಟಿಸ್ ನಾವು ಕಳಿಸಿಲ್ರಿ, ಮಕ್ಕಳಾಣಿ," ಎಂದ. ಅವನ ಮೊಗ ನೋಡಿದರೆ ನೋಟಿಸ್ ಕಳಿಸಿಲ್ಲ ಎಂದದ್ದಂತೂ ಸುಳ್ಳೆನಿಸಲಿಲ್ಲ. ಅದೇ ನನಗೆ ದಿಗಿಲು ಹುಟ್ಟಿಸಿತು.

"ಇಲ್ಲದ ಮನುಷ್ಯ ಕಾಪಿರೈಟ್ ಕೇಳ್ತಾನೇನ್ರೀ?" ಎಂದರು ಸಾಹೇಬರು. ನಾಲ್ಕನೆಯ ಹೆಸರನ್ನು ಕಡತದಲ್ಲಿ ಬರೆಸಿದರು.

ಪಕ್ಕದಲ್ಲಿದ್ದ ಜ್ಯೋತಿಯ ಕೈ ಹೊಗೆ ವಾಸನೆ ಹೊಡೆಯುತ್ತಿತ್ತು.

"ನೀರು ಕಾಯ್ಸಿದ್ಯಾ?" ಮೆಲ್ಲಗೆ ಕೇಳಿದೆ.

"ಸಂಜಿಗೆ ಹಂಡೆ ತುಂಬ ಕಾಯ್ಸಿಟ್ಟಿದ್ದೆ. ಮುಂಜಾನಿ ನೋಡಿದ್ರ ತಳದಾಗ ಹನಿ ಇಲ್ಲ. ಬಚ್ಚಲೆಲ್ಲ ಕೆಂಪಗ ಆಗೈತಿ." ಅವಳು ಕಡತದಿಂದ ಕಣ್ಣು ಕೀಳಲಿಲ್ಲ. "ಎರಡು ವರ್ಷಕ್ಕ ಅಜ್ಜಿ ಬಾಯಿ ಬಿಟ್ಲು, ಅಣ್ಣ. 'ಅವನ ಜೋಡಿ ಇನ್ನಾ ಮೂರು ಮಂದಿ ಅದಾರ, ಮತ್ತ ನೀರಿಡು' ಅಂದ್ಲು."