ಮೆತ್ತೆ ಹೊದಿಸಿದ ಬಾಗಿಲು

ಸೋಫಾ ಹೊಲಿಯುವವರಲ್ಲಿ ನನ್ನಂಥವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣುತ್ತಿಲ್ಲ. ನಾನು ಫೋಮು ತುಂಬಿದ ಕುರ್ಚಿಯಲ್ಲಿ ಕೂತ ವಕೀಲನೊಬ್ಬ ಏಳಲು ಮನಸ್ಸಾಗದೆ ಮೂರು ಕೇಸು ಸೋತ. ಇದು ನನ್ನ ಮಾತಲ್ಲ, ಇಡೀ ಬೀದಿಯ ಮಾತು. ಬೀದಿಗೆ ಅದನ್ನು ಹೇಳಿದವನು ಮಾತ್ರ ನಾನು.

ಆದರೆ ನನ್ನ ಕೈಯಿಂದಾದ ಅತಿ ದೊಡ್ಡ ಕೆಲಸ ಸೋಫಾ ಅಲ್ಲ, ಬಾಗಿಲು. ನಮ್ಮ ಮನೆಯ ಹಿಂದಿನ ಕೋಣೆಯ ಬಾಗಿಲು. ಎರಡು ಪದರ ಫೋಮು, ಅದರ ಮೇಲೊಂದು ದಪ್ಪ ಕಂಬಳಿ, ಅದರ ಮೇಲೆ ಕಂದು ರೆಕ್ಸಿನ್, ಸಾಲಾಗಿ ಒಳಕ್ಕೆ ಎಳೆದು ಕಟ್ಟಿದ ಅರವತ್ತನಾಲ್ಕು ಗುಂಡಿ. ಚೌಕಟ್ಟಿನ ಸುತ್ತ ರಬ್ಬರು. ಮುಚ್ಚಿದರೆ ಒಳಗೆ ಆನೆ ಘೀಳಿಟ್ಟರೂ ಹೊರಗೆ ಸೊಳ್ಳೆ ಕೆಮ್ಮಿದಷ್ಟು ಸದ್ದು.

ಅದನ್ನು ಮಾಡಿದ್ದು ನನ್ನ ಹೆಂಡತಿಗಾಗಿ. ಅವಳು ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಕೂತು ಗಾಜು ಸಾಣೆ ಹಿಡಿಯುವವಳು. ಒಂದು ದಿನ ಯಾರೋ ಬಳಸಿ ಬಿಟ್ಟ ಎಲೆಕ್ಟ್ರಿಕ್ ಗಿಟಾರನ್ನೂ, ಅದರ ಸದ್ದನ್ನು ಹಿಗ್ಗಿಸುವ, ಬ್ರೆಡ್ಡಿನ ಡಬ್ಬದಂಥ ಪುಟ್ಟ ಆಂಪನ್ನೂ ಕಂಕುಳಲ್ಲಿ ಇರುಕಿಕೊಂಡು ಬಂದಳು. ಮೊದಲ ಸಂಜೆ ಅವಳು ತಂತಿ ಮೀಟಿದಾಗ ನಾನು ಅಡುಗೆಮನೆಯಿಂದಲೇ ಕೂಗಿದೆ: "ಲೇ, ಪಕ್ಕದ ಬೀದಿ ಬೆಕ್ಕು ಬಾಲ ಕಳ್ಕೊಂಡು ಹುಡುಕ್ತಿದೆಯಂತೆ. ನಿನ್ನ ಹತ್ರ ಇದ್ರೆ ಕೊಟ್ಬಿಡೇ ಪಾಪ!"

ಅವಳು ನಕ್ಕಳು. ಆ ಜೋಕನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ, ಅವಳ ಎದುರಿಗೂ ಹೇಳಿದೆ. ಅವಳು ಪ್ರತಿ ಸಲವೂ ನಕ್ಕಳು. ವಾರ ಕಳೆಯುವುದರೊಳಗೆ ಬಾಗಿಲಿಗೆ ಮೆತ್ತೆ ಹೊದಿಸಿ ಮುಗಿಸಿದ್ದೆ.

"ನಿನಗೆ ಯಾರ ಕಾಟವೂ ಬೇಡ ಅಂತ," ಎಂದೆ.

ಅವಳು ಗುಂಡಿಗಳ ಮೇಲೆ ಬೆರಳಾಡಿಸಿದಳು. "ಚೆನ್ನಾಗಿದೆ ರೀ. ತುಂಬಾ ಗಟ್ಟಿಯಾಗಿದೆ," ಎಂದಳು. ಒಳಗೆ ಹೋಗಿ ಮುಚ್ಚಿಕೊಂಡಳು. ಆಮೇಲೆ ಒಂಬತ್ತು ವರ್ಷ ಪ್ರತಿ ಸಂಜೆ ಅರ್ಧ ಗಂಟೆ ಹಾಗೆ ಮುಚ್ಚಿಕೊಂಡಳು. ಹೋದ ವರ್ಷ ಜ್ವರ ಬಂದು ಹನ್ನೊಂದು ದಿನಕ್ಕೆ ತೀರಿಕೊಂಡಳು. ಇದರಲ್ಲಿ ನಾನು ಒಂದು ದಿನವನ್ನೂ ಹೆಚ್ಚು ಮಾಡಿ ಹೇಳುತ್ತಿಲ್ಲ.

ನಮಗೆ ಒಬ್ಬಳೇ ಮಗಳು, ಹತ್ತು ವರ್ಷ. ತಾಯಿ ಹೋದ ಮೇಲೆ ಅವಳು ಆ ಕೋಣೆಗೆ ಕಾವಲುಗಾರ್ತಿಯಾದಳು. ಗಿಟಾರು ಸ್ಟ್ಯಾಂಡಿನ ಮೇಲೆ, ಆಂಪು ನೆಲದ ಮೇಲೆ, ವೈರು ಸುರುಳಿಯಾಗಿ, ತಾಯಿ ಬಿಟ್ಟದ್ದು ಬಿಟ್ಟ ಹಾಗೆ. ದಿನಕ್ಕೊಮ್ಮೆ ಒಳಗೆ ಹೋಗಿ ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿ ಬರುತ್ತಿದ್ದಳು.

ಇನ್ನು ನನ್ನ ಕಸುಬಿನ ಒಂದು ನೇಮ ಹೇಳಬೇಕು. ಯಂತ್ರವನ್ನು ಒರೆಸುವಾಗ ಅದರ ಮೇಲಿನ ಎಲ್ಲ ಡಯಲ್ಲುಗಳನ್ನೂ ಮೊದಲು ಸೊನ್ನೆಗೆ ತರಬೇಕು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಇದನ್ನು ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದ್ದ. ಇಪ್ಪತ್ತೈದು ವರ್ಷದಲ್ಲಿ ಆ ನೇಮ ತಲೆಯಿಂದ ಇಳಿದು ಬೆರಳಲ್ಲಿ ಕೂತುಬಿಟ್ಟಿದೆ. ಒಂದು ಭಾನುವಾರ ಬೆಳಿಗ್ಗೆ, ಏಳು ತಿಂಗಳ ಧೂಳು ಕಂಡು ಒದ್ದೆ ಬಟ್ಟೆ ಹಿಡಿದು ಒಳಗೆ ಹೋದೆ. ಆಂಪಿನ ಮೇಲೆ ತಿರುಗಿಸುವ ಆರು ನಾಬು, ಗಿಟಾರಿನ ಮೇಲೆ ಎರಡು. ಒರೆಸಿ, ಹೊಳಪು ಬರಿಸಿ, ಹೊರಗೆ ಬಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಗಳು ನೋಡಿ ಬಂದಳು. ಮುಖ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಅಪ್ಪ, ಎಲ್ಲ ಸೊನ್ನೆಗೆ ಬಂದಿದೆ."

"ಹೌದು ಪುಟ್ಟಿ, ಒರೆಸುವಾಗ..."

"ಅಮ್ಮ ಇಟ್ಟಿದ್ದು ಅದು. ಅಮ್ಮನ ಕೈ ಅಲ್ಲೇ ಇತ್ತು. ಎಷ್ಟರಲ್ಲಿತ್ತು ಅಂತ ನೋಡ್ಕೊಂಡ್ಯಾ?"

ನೋಡಿಕೊಂಡಿರಲಿಲ್ಲ. ಅವಳೂ ನೋಡಿಕೊಂಡಿರಲಿಲ್ಲ, ಬೆರಳ ಗುರುತು ಅಳಿಸೀತೆಂದು ಹತ್ತಿರವೇ ಹೋಗುತ್ತಿರಲಿಲ್ಲವಂತೆ.

"ಅಷ್ಟೇ ತಾನೆ?" ಎಂದೆ. "ಈ ನಿನ್ನಪ್ಪ ಯಾರು ಅಂದ್ಕೊಂಡಿದ್ದೀಯ? ಒಂದೇ ವಾರ. ಅಮ್ಮನ ಗಿಟಾರು ಹೇಗೆ ಕೇಳ್ತಿತ್ತೋ ಹಾಗೇ, ಕೂದಲೆಳೆ ವ್ಯತ್ಯಾಸ ಇಲ್ಲದ ಹಾಗೆ ವಾಪಸ್ ತಂದುಕೊಡ್ತೀನಿ. ಆಗ ನಾಬು ತಾನಾಗೇ ಅಮ್ಮ ಇಟ್ಟ ಜಾಗಕ್ಕೆ ಬಂದಿರುತ್ತೆ."

ಅವಳು ನನ್ನನ್ನು ನೋಡಿದಳು. ನನ್ನ ಮಾತನ್ನು ನಂಬದ ಊರಿನಲ್ಲಿ ನಂಬುವವಳು ಅವಳೊಬ್ಬಳೇ ಇದ್ದಳು. "ತರದಿದ್ರೆ ನಾನು ನಿನ್ನ ಜೊತೆ ಮಾತಾಡಲ್ಲ," ಎಂದಳು.

ಹೀಗೆ ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಗಿಟಾರು ಹಿಡಿದೆ. ಮೊದಲ ದಿನ ಆಂಪಿನ ನಾಬುಗಳನ್ನೆಲ್ಲ ಏರಿಸಿ ಎಷ್ಟು ಮೀಟಿದರೂ ಸದ್ದಿಲ್ಲ. ರೇಡಿಯೋ ರಿಪೇರಿ ಮಾಡುವ ಭಾವಮೈದನಿಗೆ ಫೋನು ಹಚ್ಚಿದೆ. "ಬಾರಯ್ಯ, ನಿಮ್ಮಕ್ಕನ ಡಬ್ಬ ಸತ್ತುಹೋಗಿದೆ."

'ಡಬ್ಬ' ಎಂದು ಇನ್ನೊಮ್ಮೆ ಒತ್ತಿ ಹೇಳಿ ಫೋನಿಟ್ಟೆ.

ಅವನು ಬರುವಷ್ಟರಲ್ಲಿ ನಾನು ಆಂಪಿನ ಹಿಂಬದಿಯ ಹನ್ನೆರಡು ಸ್ಕ್ರೂ ಬಿಚ್ಚಿ ಬಟ್ಟಲಲ್ಲಿ ಹಾಕಿದ್ದೆ. ಅವನು ಬಂದವನೇ ಗಿಟಾರಿನ ಮೇಲಿನ ಒಂದು ನಾಬನ್ನು ತಿರುಗಿಸಿದ. ಸದ್ದು ಬಂತು.

"ಭಾವ, ಗಿಟಾರಿನ ವಾಲ್ಯೂಮೇ ಸೊನ್ನೇಲಿತ್ತು."

"ನಿನ್ನನ್ನ ಪರೀಕ್ಷೆ ಮಾಡ್ದೆ."

"ಸರಿ. ಹಾಗಾದ್ರೆ ಸ್ಕ್ರೂ ಹಾಕಿ, ಅದೂ ಪರೀಕ್ಷೇನೇ."

ಅವನು ಒಂದೊಂದೇ ನಾಬಿನ ಗುಣ ತಿಳಿಸಿದ. ನಾನು ನನ್ನ ಕಸುಬಿನ ಭಾಷೆಯಲ್ಲಿ ತಿಳಿದುಕೊಂಡೆ. ಗೇನ್ ಏರಿಸಿದರೆ ರೆಕ್ಸಿನ್ ಹರಿದ ಹಾಗೆ ಒರಟು ಸದ್ದು, ಇಳಿಸಿದರೆ ಹೊಸ ಮೇಜುಬಟ್ಟೆಯಂತೆ ಶುಭ್ರ. ಬೇಸ್ ಎಂದರೆ ಫೋಮಿಗೆ ಗುದ್ದಿದ ಸದ್ದು, ಟ್ರೆಬಲ್ ಎಂದರೆ ಸೂಜಿ. ನಡುವಿನ ಮಿಡಲ್ ಮನುಷ್ಯರ ಗಂಟಲಿಗೆ ಹತ್ತಿರದ್ದು. ಅದನ್ನು ತೆಗೆದರೆ ಸದ್ದು ಹೊಟ್ಟೆ ಕಳೆದುಕೊಂಡ ದಿಂಬಿನಂತೆ ಕುಸಿಯುತ್ತದೆ. ರಿವರ್ಬ್ ಹೆಚ್ಚಿಸಿದರೆ ಪುಟ್ಟ ಕೋಣೆ ಖಾಲಿ ಗೋದಾಮಾಗುತ್ತದೆ.

"ಎಲ್ಲಾನೂ ಮೊದಲು ಅರ್ಧದಲ್ಲಿಡಿ," ಎಂದ ಅವನು. "ಆಮೇಲೆ ಒಂದು ಸಲಕ್ಕೆ ಒಂದನ್ನೇ ತಿರುಗಿಸಿ, ಕೇಳಿ. ಹೊಸಬರಿಗೆ ಇದೇ ದಾರಿ."

"ಹೊಸಬರಿಗೆ ಹೇಳು ಅದನ್ನ," ಎಂದು ನಾನು ಎಲ್ಲವನ್ನೂ ಹತ್ತಕ್ಕೆ ಏರಿಸಿದೆ. ಗಿಟಾರು ಮುಟ್ಟುವ ಮೊದಲೇ ಆಂಪು ಕೀಂ ಎಂದು ಕಿರುಚಿತು. ಬಾಗಿಲು ತೆರೆದೇ ಇತ್ತು; ಏಳು ಬೀದಿಯ ನಾಯಿಗಳು ಮತಾಂತರವಾಗಿ ತೋಳಗಳಾದವು. ಎದುರು ಮನೆಯ ಮುದುಕನ ಕಿವುಡು ವಾಸಿಯಾಗಿ ಮರುಕಳಿಸಿತು.

ನಾಬುಗಳನ್ನು ಇಳಿಸುತ್ತ ಭಾವಮೈದ ಕೇಳಿದ, "ಅಕ್ಕನ ಸದ್ದು ಹೇಗಿತ್ತು ಭಾವ? ಒರಟಾ, ನಯವಾ? ನಾನು ಕೇಳಿದ್ದು ಮೊದಲ ವಾರ ಮಾತ್ರ. ಆಗ ಅಕ್ಕಂಗೆ ಹಿಡಿಯೋಕೂ ಬರ್ತಿರ್ಲಿಲ್ಲ. ನೀವು ಒಂಬತ್ತು ವರ್ಷ ಕೇಳಿದ್ದೀರಲ್ಲ."

"ಕಿವಿಯಲ್ಲೇ ಇದೆ," ಎಂದೆ.

ಕಿವಿಯಲ್ಲಿ ಏನೂ ಇರಲಿಲ್ಲ. ಬೆಕ್ಕಿನ ಜೋಕು ಮಾತ್ರ ಇತ್ತು.

ಕಿವಿಯಿದ್ದವಳು ಮಗಳು. ತಾಯಿ ಯಾವಾಗಲೂ ಕೊನೆಗೆ ನುಡಿಸುತ್ತಿದ್ದ ಐದು ಸ್ವರಗಳನ್ನು ಅವಳು ಗುನುಗಿ ತೋರಿಸಿದಳು. ಮೇಲೆ ಎರಡು, ಕೆಳಗೆ ಎರಡು, ತುಸು ತಡೆದು ಇನ್ನೊಂದು. ಅದನ್ನು ಕಲಿಯಲು ನನಗೆ ನಾಲ್ಕು ದಿನ ಬೇಕಾಯಿತು. ಮಹಾಪ್ರತಿಭೆಗಳಿಗೆ ಸರಳ ವಿಷಯಗಳೇ ಕಷ್ಟ. ಬೆರಳ ತುದಿಗಳು ಸುಲಿದವು. ನಂತರ ಪ್ರತಿ ಸಂಜೆ ಅವಳು ನನ್ನ ಎದುರಿಗೆ ಸ್ಟೂಲಿನ ಮೇಲೆ ಕೂರುವಳು. ನಾನು ಒಂದು ನಾಬನ್ನು ಕೂದಲಷ್ಟು ತಿರುಗಿಸಿ ಐದು ಸ್ವರ ನುಡಿಸುವೆ.

"ಇದಲ್ಲ."

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದುಕೊಳ್ಳುವೆ: ಗೇನ್ ಮೂರು, ಬೇಸ್ ಐದು, ಟ್ರೆಬಲ್ ಏಳು, ಅಲ್ಲ. ಮತ್ತೆ ತಿರುಗಿಸುವೆ.

"ಇದಲ್ಲ. ಇದು ತುಂಬಾ ಹತ್ತಿರ ಬರುತ್ತೆ."

"ಹತ್ತಿರ ಅಂದ್ರೆ ಸರಿ ಹತ್ತಿರವಾ?"

"ಅಲ್ಲಪ್ಪ. ಮುಖದ ಹತ್ತಿರ. ಅಮ್ಮಂದು ದೂರದಿಂದ ಬರ್ತಿತ್ತು."

ದೂರವೆಂದರೆ ರಿವರ್ಬ್ ಎಂದುಕೊಂಡು ಏರಿಸಿದೆ. "ಇದು ಬಾವಿ," ಎಂದಳು. ಟ್ರೆಬಲ್ ಇಳಿಸಿದೆ. "ಇದು ನೆಗಡಿ." ಗಿಟಾರಿನ ಸ್ವಿಚ್ಚನ್ನು ಕತ್ತಿನ ಕಡೆಗೆ ತಳ್ಳಿ ಸದ್ದನ್ನು ದುಂಡಗೆ ಮಾಡಿದೆ. ಅವಳು ತುಸು ಹೊತ್ತು ಕಣ್ಣು ಮುಚ್ಚಿದಳು. ನಾನು ಸೀಮೆಸುಣ್ಣಕ್ಕೆ ಕೈ ಹಾಕಿದೆ. "ಸ್ವಲ್ಪ ಹಾಗೇ ಇದೆ. ಆದ್ರೆ ಅಲ್ಲ."

ವಾರ ಮೂರಾಯಿತು. ಗೋಡೆ ತುಂಬಿತು. ನಾಲ್ಕು ಲಕ್ಷ ಸಲ ನುಡಿಸಿದ್ದೇನೆ ಎಂದರೆ ನೀವು ನಂಬುವುದಿಲ್ಲ, ನಾಲ್ಕು ಸಾವಿರವೆನ್ನೋಣ. ಮಗಳ 'ಇದಲ್ಲ' ದಿನದಿನಕ್ಕೆ ಸಣ್ಣದಾಯಿತು. ಆಮೇಲೆ ಬರಿಯ ತಲೆಯಾಡಿಸುವಿಕೆಯಾಯಿತು. ಒಂದು ಸಂಜೆ ಅವಳು ಹೇಳಿದಳು, "ನಂಗೆ ಮರೆತುಹೋಗ್ತಿದೆ ಅಪ್ಪ. ನೀನು ನುಡಿಸಿ ನುಡಿಸಿ ಅಮ್ಮಂದು ಅಳಿಸಿಹೋಗ್ತಿದೆ."

"ಇನ್ನೊಂದೇ ಸಲ. ಈ ಸಲ ಖಂಡಿತ, ನಾನಿದ್ದೀನಲ್ಲ..."

"ನೀನು ಯಾವಾಗ್ಲೂ ಬರೀ ಮಾತು!"

ಸ್ಟೂಲು ಉರುಳಿತು. ಅವಳು ಹೊರಗೆ ಓಡಿ ಬಾಗಿಲನ್ನು ಧಡಾರನೆ ಎಳೆದುಕೊಂಡಳು. ನನ್ನ ಬಾಗಿಲು ಧಡಾರೆನ್ನುವುದಿಲ್ಲ. ಮೆತ್ತಗೆ ಉಸಿರು ಬಿಟ್ಟು ಕೂತುಕೊಂಡಿತು.

ನಾನು ಒಬ್ಬನೇ ಉಳಿದೆ. ಕೈಗೆ ಬೇರೇನೂ ತೋಚಲಿಲ್ಲ. ಯಾವ ನಾಬು ಎಲ್ಲಿದೆಯೆಂದೂ ನೋಡದೆ ಐದು ಸ್ವರ ನುಡಿಸಿದೆ. ಮತ್ತೊಮ್ಮೆ ನುಡಿಸಿದೆ.

ಬಾಗಿಲು ತೆರೆಯಿತು. ಮಗಳ ಮುಖ ಒದ್ದೆಯಾಗಿತ್ತು, ಕಣ್ಣು ಅಗಲವಾಗಿತ್ತು.

"ಅದೇ! ಅಪ್ಪ, ಅದೇ! ಇನ್ನೊಂದ್ಸಲ!"

ನುಡಿಸಿದೆ. ಅವಳ ಮುಖ ಇಳಿಯಿತು. "ಈಗ ಅಲ್ಲ." ತುಸು ಯೋಚಿಸಿ, ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ನುಡಿಸಿದೆ. ಬಾಗಿಲು ತುಸುವೇ ತೆರೆಯಿತು. "ಈಗ ಅದೇ."

ಆಗ ನನಗೆ ತಿಳಿಯಿತು. ಅವಳು ಹುಟ್ಟುವ ಮೊದಲಿನದಲ್ಲದಿದ್ದರೂ ಅವಳು ನಡೆಯಲು ಕಲಿಯುವ ಮೊದಲಿನದು ಆ ಬಾಗಿಲು. ಪ್ರತಿ ಸಂಜೆ ಅವಳು ಹೊರಗೆ ನೆಲದ ಮೇಲೆ ಕೂತು, ಬೆನ್ನನ್ನು ಬಾಗಿಲಿಗೆ ಆನಿಸಿ ಪಾಠ ಬರೆಯುತ್ತಿದ್ದಳು. ಅವಳಿಗೆ ಗೊತ್ತಿದ್ದ ತಾಯಿಯ ಸದ್ದು ಎಂದರೆ ಎರಡು ಪದರ ಫೋಮು, ಕಂಬಳಿ, ರೆಕ್ಸಿನ್ನು ದಾಟಿ ಉಳಿದದ್ದು.

ಒಂದು ಅನುಮಾನ ಬಂತು. ಬಾರದಿದ್ದರೆ ಚೆನ್ನಾಗಿತ್ತು. ಬಾಗಿಲು ಮುಚ್ಚಿರುವಾಗಲೇ ಟ್ರೆಬಲ್ಲನ್ನು ಏಳರಿಂದ ಮೂರಕ್ಕೆ ಇಳಿಸಿ ನುಡಿಸಿದೆ. "ಅದೇ," ಎಂದಳು ಇಣುಕಿ. ಗೇನ್ ಬದಲಿಸಿದೆ. "ಅದೇ." ಬೇಸ್, ಮಿಡಲ್. "ಅದೇ ಅಪ್ಪ, ಯಾಕೆ ಸುಮ್ಮನೆ ಕೇಳ್ತೀಯ?"

ಆ ಬಾಗಿಲು ಎಲ್ಲವನ್ನೂ ಒಂದೇ ಮಾಡಿ ಕಳಿಸುತ್ತಿತ್ತು. ನನ್ನ ಹೆಂಡತಿ ಒಂಬತ್ತು ವರ್ಷ ಅಲ್ಲಿ ಕೂತು ಕೂದಲಷ್ಟು ಕೂದಲಷ್ಟು ತಿರುಗಿಸಿ ಯಾವ ಸದ್ದನ್ನು ಹುಡುಕಿದಳೋ, ಯಾವುದನ್ನು ಕಂಡುಕೊಂಡಳೋ, ಅದನ್ನು ಕೇಳಿದವಳು ಲೋಕದಲ್ಲಿ ಅವಳೊಬ್ಬಳೇ. ಮಗಳು ಕೇಳಿಲ್ಲ. ಭಾವಮೈದ ಕೇಳಿಲ್ಲ. ಆರು ಹೆಜ್ಜೆ ದೂರದಲ್ಲಿ ಕೂತು ಬಂದವರಿಗೆಲ್ಲ ಜೋಕು ಹೇಳುತ್ತಿದ್ದ ನಾನೂ ಕೇಳಿಲ್ಲ. 'ತುಂಬಾ ಗಟ್ಟಿಯಾಗಿದೆ' ಎಂದಿದ್ದಳು. ನಾನು ಅದನ್ನು ಹೊಗಳಿಕೆಯೆಂದುಕೊಂಡಿದ್ದೆ.

"ಸಿಕ್ತಲ್ಲ ಅಪ್ಪ! ಎಷ್ಟರಲ್ಲಿದೆ? ಗುರುತು ಮಾಡು, ಮತ್ತೆ ಕಳೆದುಹೋಗುತ್ತೆ," ಎಂದಳು ಮಗಳು.

ನಾನು ಜೀವಮಾನದಲ್ಲಿ ಬೆಟ್ಟದಷ್ಟು ಸುಳ್ಳು ಹೇಳಿದ್ದೇನೆ, ಪ್ರತಿಯೊಂದನ್ನೂ ಖುಷಿಯಿಂದ ಹೇಳಿದ್ದೇನೆ. ಅಂದು ಹೇಳಿದ್ದು ಮಾತ್ರ ಸಾಸಿವೆಯಷ್ಟು. ನಾಬುಗಳು ಎಲ್ಲಿದ್ದವೋ ಅಲ್ಲೇ ಒಂದೊಂದರ ಪಕ್ಕ ಬಿಳಿ ಬಣ್ಣದ ಚುಕ್ಕೆಯಿಟ್ಟೆ. "ಅಮ್ಮ ಇಟ್ಟಿದ್ದು ಇಲ್ಲೇ," ಎಂದೆ. ಅವಳು ಬಗ್ಗಿ, ಕೈ ಹಿಂದಕ್ಕೆ ಕಟ್ಟಿಕೊಂಡು, ಚುಕ್ಕೆಗಳನ್ನು ಬಹಳ ಹೊತ್ತು ನೋಡಿದಳು.

"ಒಳಗೇ ಕೂತ್ಕೋ ಪುಟ್ಟಿ," ಎಂದೆ. "ಬಾಗಿಲು ತೆಗೆದೇ ನುಡಿಸ್ತೀನಿ. ಕಲಿತರೆ ನಂದೂ ಚೆನ್ನಾಗಾಗುತ್ತೆ."

ಅವಳು ಯೋಚಿಸಿದಳು. ಮನಸ್ಸು ನೋಯಿಸಬಾರದೆಂದು ನನ್ನ ಅಂಗಿಯ ತೋಳನ್ನು ಹಿಡಿದುಕೊಂಡು ಹೇಳಿದಳು, "ಬೇಡ ಅಪ್ಪ. ಬಾಗಿಲು ತೆಗೆದ್ರೆ ನೀನು ಕಾಣ್ತೀಯ."

ಈಗ ಪ್ರತಿ ಸಂಜೆ ಅರ್ಧ ಗಂಟೆ ನಾನು ಒಳಗೆ ಹೋಗಿ ಮುಚ್ಚಿಕೊಳ್ಳುತ್ತೇನೆ. ಮೇಲೆ ಎರಡು, ಕೆಳಗೆ ಎರಡು, ತುಸು ತಡೆದು ಇನ್ನೊಂದು. ಮಾತಾಡಬಾರದೆಂದು ಅವಳ ಕಟ್ಟಪ್ಪಣೆ; ನಾನೂ ಒಂದಕ್ಷರ ಆಡುವುದಿಲ್ಲ. ಅವಳು ಆಚೆ ನೆಲದ ಮೇಲೆ, ಬಾಗಿಲಿಗೆ ಬೆನ್ನಾನಿಸಿ ಕೂತಿರುತ್ತಾಳೆ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ನುಡಿಸುವುದನ್ನು ನಿಲ್ಲಿಸಿ ಕಿವಿಗೊಡುತ್ತೇನೆ. ಏನೂ ಕೇಳಿಸುವುದಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೇನೆ ಆ ಬಾಗಿಲನ್ನು.