ಖಚ್ಚರ್ ಸಾಲಿನ ನೀರು

ನಾನು ಕಸ್ತೂರಿ. ಯಮಕನಮರಡಿಯಿಂದ ಮೂರು ಮೈಲಿ ದೂರದ ಶೌರ್ಯನಗರದಲ್ಲಿ ನೀರು ಬಿಡುವವಳು. ಗೋಕಾಕದಲ್ಲಿ ಬಿ.ಎ. ಮುಗಿಸಿ ಬಂದ ನನಗೆ ಅಪ್ಪ ಸಿದ್ರಾಯ ಬಿಟ್ಟುಹೋದ ಆಸ್ತಿಯೆಂದರೆ ಎದೆಯೆತ್ತರದ ಒಂದು ಕಬ್ಬಿಣದ ಚಾವಿ. ಅದನ್ನು ನೆಲದೊಳಗಿನ ವಾಲ್ವಿಗೆ ಸಿಕ್ಕಿಸಿ ತಿರುಗಿಸಿದರೆ ನೀರು, ಇಲ್ಲದಿದ್ದರೆ ಇಲ್ಲ. ಇಲ್ಲಿ ಯಾರೂ ನನಗೆ ಕುರ್ಚಿ ಕೊಟ್ಟು ಕೂರಿಸುವುದಿಲ್ಲ. ಆದರೆ ನಾನು ಒಂದು ದಿನ ಜ್ವರ ಬಂದು ಮಲಗಲಿ, ಎಲ್ಲರಿಗೂ ನನ್ನ ಮನೆ ಎಲ್ಲಿದೆಯೆಂದು ನೆನಪಾಗುತ್ತದೆ.

ಶೌರ್ಯನಗರ ಎಂಬ ಹೆಸರು ಕೇಳಿ ಹೆದರಬೇಡಿ. ಮೊದಲು ಇದು ಮಿಲಿಟರಿ ಕ್ಯಾಂಪು. ಐವತ್ತು ವರ್ಷಗಳ ಹಿಂದೆ ಮಿಲಿಟರಿಯವರು ಖಾಲಿ ಮಾಡಿ ಹೋದರು. ಹತ್ತು ವರ್ಷಗಳ ಹಿಂದೆ ಒಂದು ಕಂಪನಿಯವರು ಆಫೀಸರ್ ಬಂಗಲೆಗಳಿಗೆ ಸುಣ್ಣಬಣ್ಣ ಬಳಿದು, ಗೇಟಿಗೆ ಎರಡು ಸಿಮೆಂಟಿನ ಸಿಂಹ ಕೂರಿಸಿ ಮಾರಿದರು. ಕೊಂಡವರಲ್ಲಿ ಒಬ್ಬರೂ ಯುದ್ಧ ನೋಡಿದವರಲ್ಲ. ಗೊಬ್ಬರದ ಅಂಗಡಿಯವರು, ಬೆಲ್ಲದ ಅಡತಿಯವರು. ಆದರೂ ಬಂಗಲೆಗೆ ಕಾಲಿಟ್ಟ ದಿನದಿಂದ ಎಲ್ಲರ ಮೀಸೆಯೂ ಮೇಲಕ್ಕೆ ತಿರುಗಿತು. ಎಲ್ಲಕ್ಕಿಂತ ದೊಡ್ಡ ಮೀಸೆ ಮುರಿಗೆಪ್ಪನವರದು. ಗೋಕಾಕದಲ್ಲಿ ಟ್ರ್ಯಾಕ್ಟರ್ ಮಾರುತ್ತಾರೆ. ಇಲ್ಲಿ ಕಮಾಂಡರ್ ಬಂಗಲೆಯಲ್ಲಿ ವಾಸ, ಸೊಸೈಟಿಗೆ ಅಧ್ಯಕ್ಷರು. ಬೆಳಗಿನ ವಾಕಿಂಗಿಗೂ ಬಗಲಲ್ಲಿ ಬೆತ್ತ ಇರಬೇಕು.

ನೀರಿನ ಟ್ಯಾಂಕಿನ ಕೆಳಗೆ ನಮ್ಮ ಸಾಲು. ಮಿಲಿಟರಿ ಕಾಲದಲ್ಲಿ ಅದು ಹೇಸರಗತ್ತೆಗಳ ಲಾಯ. ತೋಪು ಹೊರುತ್ತಿದ್ದ ಆ ಪ್ರಾಣಿಗಳನ್ನು ಅವರು ಖಚ್ಚರ್ ಎನ್ನುತ್ತಿದ್ದರು, ಹೆಸರು ಸಾಲಿಗೆ ಅಂಟಿಕೊಂಡಿತು. ಕ್ಯಾಂಪು ಬಂದಾಗ ಕುರಿ ಮೇಯಿಸುವ ಮಾಳ ಕಳೆದುಕೊಂಡಿದ್ದ ನಮ್ಮ ಹಿರಿಯರು, ಕ್ಯಾಂಪು ಎದ್ದ ಮೇಲೆ ಖಾಲಿ ಲಾಯಕ್ಕೆ ಕುರಿಗಳ ಸಮೇತ ಬಂದು ನೆಲೆನಿಂತರು. ಈಗ ಇಪ್ಪತ್ತೆರಡು ಮನೆಗಳಿವೆ. ಅಷ್ಟೂ ಮನೆಗೆ ನೀರೆಂದರೆ ಖಚ್ಚರ್‌ಗಳು ಕುಡಿಯುತ್ತಿದ್ದ ಉದ್ದನೆಯ ಕಲ್ಲುತೊಟ್ಟಿ ಒಂದೇ. ನಮ್ಮವ್ವ ರಾಮವ್ವ ಆ ತೊಟ್ಟಿಯಿಂದ ನಲವತ್ತು ವರ್ಷ ಕೊಡ ಹೊತ್ತಳು. ಈಗ ಅವಳ ಮೊಣಕಾಲು ಮಡಚುವುದಿಲ್ಲ. ನಾನು ಊರಿಗೆಲ್ಲ ನೀರು ಬಿಡಲು ಹೋದಾಗ ಅವಳು ಒಂದು ತಂಬಿಗೆ ನೀರಿಗಾಗಿ ಗೋಡೆ ಹಿಡಿದುಕೊಂಡು ನಡೆಯುತ್ತಾಳೆ. ಒಲೆಯ ಬಾಜೂ ಒಂದು ನಳ ಬೇಕು, ಅವಳು ನನ್ನನ್ನು ಕೇಳಿದ್ದು ಅಷ್ಟೇ. ಅದನ್ನೂ ಕೊಡಿಸಲಾಗದಿದ್ದರೆ ಈ ಚಾವಿ ಹೊತ್ತು ನಾನು ಯಾವ ದೊಡ್ಡಸ್ತಿಕೆ ಮೆರೆಯಬೇಕು?

ಹೋದ ವರ್ಷ ಹಳೆಯ ಪೈಪು ಕಿತ್ತು ಹೊಸದು ಹಾಕುವುದೆಂದು ತೀರ್ಮಾನವಾಯಿತು. ಎಂಬತ್ತು ವರ್ಷದ ಕಬ್ಬಿಣದ ಪೈಪುಗಳು ಒಳಗೊಳಗೇ ತುಕ್ಕು ಹಿಡಿದು ನಳದಲ್ಲಿ ಚಹಾದ ಬಣ್ಣದ ನೀರು ಬರುತ್ತಿತ್ತು. ಮುರಿಗೆಪ್ಪನವರ ಬಿಳಿ ಜುಬ್ಬಾಗಳೆಲ್ಲ ಕಾವಿಗೆ ತಿರುಗಿ, ಅವರು ಯಾವ ಮಠ ಸೇರಿದರೆಂದು ಜನ ಕೇಳತೊಡಗಿದ್ದರು. ಅವ್ವ ಅಂದೇ ಒಲೆಯ ಪಕ್ಕದ ಕಟ್ಟಿಗೆ ರಾಶಿ ತೆಗೆಸಿ ನೆಲ ಸಾರಿಸಿದಳು.

ಪೈಪು ಎಲ್ಲೆಲ್ಲಿದೆ ಎಂದು ನನ್ನನ್ನು ಕೇಳಿದ್ದರೆ ಕಣ್ಣು ಮುಚ್ಚಿ ತೋರಿಸುತ್ತಿದ್ದೆ. ಕೇಳಲಿಲ್ಲ. ಕುರುಬರ ಹುಡುಗಿಯನ್ನು ಕೇಳಿ ಪೈಪು ಹಾಕಿದರೆ ಶೌರ್ಯಕ್ಕೆ ಕುಂದಲ್ಲವೇ? ಪುಣೆಯ ಯಾವುದೋ ಕಪಾಟಿನಿಂದ ಕ್ಯಾಂಪಿನ ಹಳೆಯ ನಕಾಶೆ ತರಿಸಿದರು. ಮುರಿಗೆಪ್ಪನವರು ಅದಕ್ಕೆ ಗಾಜು ಹಾಕಿಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದರು. ಹೊಸ ಟ್ರ್ಯಾಕ್ಟರಿಗೆ ಪೂಜೆ ಮಾಡುತ್ತೇವೆ, ತಕ್ಕಡಿಗೆ ಮಾಡುತ್ತೇವೆ, ಒಪ್ಪಿದೆ. ಪೈಪಿನ ನಕಾಶೆಗೆ ಮಂಗಳಾರತಿ ಎತ್ತಿದ್ದನ್ನು ನಾನು ಅಂದೇ ನೋಡಿದ್ದು.

ಆರತಿ ಮುಗಿದ ಮೇಲೆ ಎಂಜಿನಿಯರ್ ಶುಭಮ್ ಪೆನ್ಸಿಲ್ ತೆಗೆದ. ಬೆಳಗಾವಿಯ ಹುಡುಗ, ಒಳ್ಳೆಯವನೇ. "ಸರ, ಇದು ಹಳೇದ ಐತ್ರಿ. ಈಗಿನ ಮನಿ ಎಲ್ಲೆಲ್ಲಿ ಅದಾವ ಅಂತ ಇದರ ಮ್ಯಾಲ ಗುರುತ ಮಾಡಬೇಕು."

"ಏ, ಹುಚ್ಚ ಏನ ನೀ?" ಮುರಿಗೆಪ್ಪನವರು ಅವನ ಕೈ ಹಿಡಿದರು. "ಪೂಜಾ ಆದ ನಕಾಶಿ ಮ್ಯಾಲ ಗೆರಿ ಎಳೀತಿ? ಮಿಲಿಟರಿ ಮಂದಿ ಮಾಡಿದ್ದೈತಿ ಅದು. ಒಂದ ಗೆರಿ ಹೆಚ್ಚಾಗಬಾರದು, ಒಂದ ಗೆರಿ ಕಮ್ಮಿ ಆಗಬಾರದು!"

ಶುಭಮ್ ಪೆನ್ಸಿಲನ್ನು ಕಿಸೆಗೆ ಹಾಕಿಕೊಂಡ. ಅವನಿಗೇನು, ಕೆಲಸ ಉಳಿಯಿತು. ನಕಾಶೆಯಲ್ಲಿದ್ದುದನ್ನು ಇದ್ದ ಹಾಗೆ ಕಂಪ್ಯೂಟರಿಗೆ ಇಳಿಸಿ ಮೇಲಕ್ಕೆ ಕಳಿಸಿದ. ಮೇಲಿನವರು ಇದ್ದ ಹಾಗೆ ಸಹಿ ಹಾಕಿದರು.

ಮಂಜೂರಾದ ಪಟ್ಟಿಯನ್ನು ಸೊಸೈಟಿಯ ಗೋಡೆಗೆ ಅಂಟಿಸಿದ ದಿನ ನಾನು ಓದಿದೆ. ಕಮಾಂಡರ್ ಬಂಗಲೆ, ಅಧಿಕಾರಿ ಒಬ್ಬರು. ಉಳಿದ ಹನ್ನೊಂದು ಬಂಗಲೆಗಳಿಗೂ ಒಬ್ಬೊಬ್ಬ ಅಧಿಕಾರಿ. ಆಮೇಲೆ ಖಚ್ಚರ್ ಸಾಲು: ಖಚ್ಚರ್ ಅರವತ್ತು, ಕುಡಿಯುವ ತೊಟ್ಟಿ ಒಂದು. ಮನೆಯಿಲ್ಲ, ನಳವಿಲ್ಲ, ಮನುಷ್ಯರ ಸುದ್ದಿಯೇ ಇಲ್ಲ. ನೆಟ್ಟಗೆ ಕಮಾಂಡರ್ ಬಂಗಲೆಗೆ ಹೋದೆ.

"ಅಧ್ಯಕ್ಷರ, ನಮ್ಮಲ್ಲಿ ಇಪ್ಪತ್ತೆರಡ ಮನಿ ಮಂದಿ ಅದೀವ್ರಿ. ಖಚ್ಚರ ಎಲ್ಲಿ ಅದಾವ ತೋರಸ್ರಿ, ನಾನೂ ನೋಡ್ತೇನಿ."

ಮುರಿಗೆಪ್ಪನವರು ಜೋಕಾಲಿಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು. "ನಕಾಶ್ಯಾಗ ಹಂಗ ಐತಿ ತಂಗಿ. ನಾ ಏನ ಮಾಡ್ಲಿ? ನಿಮಗೇನ ನೀರ ಬಂದ ಮಾಡೇವೇನ? ತೊಟ್ಟಿ ಐತಲ್ಲ. ಬಾಯಿ ಹಾಕೇ ಕುಡೀರಿ ಅಂತ ಯಾರೂ ಅಂದಿಲ್ಲ."

ಜೊತೆಗೆ ಕೂತಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಚಾವಿ ಕೈಯಲ್ಲಿತ್ತು, ಅದನ್ನು ವಾಲ್ವಿಗಲ್ಲದೆ ಬೇರೆಲ್ಲಿಗೂ ಹಾಕಬಾರದೆಂದು ಅಪ್ಪ ಹೇಳಿದ್ದು ನೆನಪಾಗಿ ಸುಮ್ಮನೆ ತಿರುಗಿ ಬಂದೆ. ಮನೆಯಲ್ಲಿ ಅವ್ವ ಸಾರಿಸಿದ ನೆಲದ ಪಕ್ಕ ಕೂತಿದ್ದಳು. "ನಳಾ ಎಡಕ ಹಾಕ್ತಾರಂತೋ ಬಲಕ್ಕೋ?" ಎಂದು ಕೇಳಿದಳು. ಬಲಕ್ಕೆ ಎಂದು ಸುಳ್ಳು ಹೇಳಿದೆ.

ಮರುದಿನ ಸೊಸೈಟಿಗೆ ಹೋಗಿ ಆ ದೇವರ ನಕಾಶೆಯ ಮುಂದೆ ನಿಂತೆ. ಒಣಗಿದ ಹೂ ಸರಿಸಿದೆ, ವಿಭೂತಿ ಒರೆಸಿದೆ. ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಪ್ರಾಣಿಗೆ ದಿನಕ್ಕೆ ಹತ್ತು ಗ್ಯಾಲನ್ ನೀರು, ಮನುಷ್ಯನಿಗೆ ಐದು. ಮೊದಲು ಪ್ರಾಣಿ, ಆಮೇಲೆ ಸಿಪಾಯಿ, ಕೊನೆಗೆ ಅಧಿಕಾರಿ. ತೊಟ್ಟಿ ತುಂಬುವ ತನಕ ಮುಂದಿನ ವಾಲ್ವ್ ತೆರೆಯಕೂಡದು. ಎರಡು ಸಲ ಓದಿದೆ. ಗುಡ್ಡದ ಮೇಲೆ ತೋಪು ಹೊರುವವರು ಯಾರೆಂದು ಮಿಲಿಟರಿಯವರಿಗಾದರೂ ತಿಳಿದಿತ್ತು.

ಶುಭಮ್ ಅಲ್ಲೇ ಇದ್ದ. "ಇದೂ ಮಂಜೂರಿನ್ಯಾಗ ಬಂದೈತೇನ್ರಿ?" ಎಂದು ಕೇಳಿದೆ.

"ಎಲ್ಲಾ ಬಂದೈತ್ರಿ ಅಕ್ಕಾರ. ಒಂದ ಗೆರಿನೂ ಬಿಡಬ್ಯಾಡ ಅಂದಾರಲ್ಲ ಅಧ್ಯಕ್ಷರು."

"ಚೊಲೋ ಆತ್ರಿ" ಎಂದು ಬಾಯಿ ಮುಚ್ಚಿಕೊಂಡು ಬಂದೆ. ಬಾಯಿ ಮುಚ್ಚಿಕೊಳ್ಳುವುದು ನನ್ನ ಜಾಯಮಾನವಲ್ಲ. ಆ ನಾಲ್ಕು ತಿಂಗಳು ನಾನು ಪಟ್ಟ ಕಷ್ಟ ನನಗೇ ಗೊತ್ತು.

ಕೆಲಸ ನಡೆಯಿತು. ನಮ್ಮ ತೊಟ್ಟಿಗೆ ನನ್ನ ತೋಳಿಗಿಂತ ದಪ್ಪದ ಪೈಪು ಬಂತು. ಬಂಗಲೆಗಳಿಗೆ ಹೆಬ್ಬೆರಳು ಗಾತ್ರದ್ದು, ಒಬ್ಬೊಬ್ಬನೇ ಅಧಿಕಾರಿ ತಾನೆ. ಮುರಿಗೆಪ್ಪನವರ ಮನೆಯಲ್ಲಿ ನಾಲ್ಕು ಬಚ್ಚಲು, ಮಲಗಿ ಸ್ನಾನ ಮಾಡುವ ಒಂದು ಬಿಳಿ ತೊಟ್ಟಿ, ಮುಂದೆ ಹುಲ್ಲುಹಾಸು. ಅವರು ಪೈಪಿನ ಗಾತ್ರ ನೋಡಲೇ ಇಲ್ಲ, ಉದ್ಘಾಟನೆಯ ಪೇಟದ ಗಾತ್ರ ನೋಡುತ್ತಿದ್ದರು. ಪೇಟ ಸುತ್ತಿಕೊಂಡು ಮೈಕಿನ ಮುಂದೆ ನಿಂತು, "ಇವತ್ತಿಂದ ಇಲ್ಲಿ ಎಲ್ಲಾ ಮಿಲಿಟರಿ ಶಿಸ್ತು! ನಕಾಶ್ಯಾಗ ಹೆಂಗ ಐತಿ, ಹಂಗ ನಡೀಬೇಕು!" ಎಂದು ಗುಡುಗಿದರು. ಆಮೇಲೆ ನನ್ನ ಕಡೆ ಬೆತ್ತ ತೋರಿಸಿ, "ಕೇಳಸ್ತೇನ ಕಸ್ತೂರಿ?" ಎಂದರು.

"ಕೇಳಸ್ತ್ರಿ" ಎಂದೆ. ಮುನ್ನೂರು ಜನ ಸಾಕ್ಷಿ.

ಮರುದಿನ ಬೆಳಗ್ಗೆ ಶಿಸ್ತಾಗಿ ತೊಟ್ಟಿಯ ವಾಲ್ವ್ ತೆರೆದೆ. ನೀರು ನುಗ್ಗಿದ ರಭಸಕ್ಕೆ ಹೆಂಗಸರು ಕೂಗಿಕೊಂಡು ಹಿಂದೆ ಸರಿದರು. ಇಪ್ಪತ್ತೆರಡು ಮನೆಯ ಕೊಡಗಳು ಬಂದವು, ಬಟ್ಟೆ ಬಂದವು, ಕಂಬಳಿ ಬಂದವು. ಪಕ್ಕದ ಮನೆಯ ಕರೆಪ್ಪಕಾಕಾ ತನ್ನ ಇನ್ನೂರು ಕುರಿ ತಂದು ನಿಲ್ಲಿಸಿದ. ತೊಟ್ಟಿ ಮುಕ್ಕಾಲು ತುಂಬುವುದು, ಮತ್ತೆ ಇಳಿಯುವುದು. ಒಂಬತ್ತು ಗಂಟೆಗೆ ಮುರಿಗೆಪ್ಪನವರು ಬಂದರು, ಸೊಂಟಕ್ಕೆ ಟವೆಲು, ಮುಖದ ತುಂಬ ಸೋಪಿನ ನೊರೆ. ಮೀಸೆ ಎಲ್ಲಿದೆಯೆಂದು ಹುಡುಕಬೇಕಾಗಿತ್ತು.

"ಏ ಕಸ್ತೂರಿ! ನೀರ ಎಲ್ಲಿ?"

"ತೊಟ್ಟಿ ಇನ್ನೂ ತುಂಬಿಲ್ರಿ."

"ಅದಕ್ಕ ನಾ ಏನ ಮಾಡ್ಲಿ? ನಮ್ಮ ವಾಲ್ವ್ ತಗಿ!"

"ಮೊದಲ ಖಚ್ಚರ, ಆಮ್ಯಾಲ ಸಿಪಾಯಿ, ಕಡೀಕ ಸಾಹೇಬ್ರು. ನಕಾಶ್ಯಾಗ ಹಂಗ ಐತ್ರಿ" ಎಂದೆ. ನಾಲ್ಕು ತಿಂಗಳ ಸಿಟ್ಟು ಆ ಒಂದು ಮಾತಿನಲ್ಲಿ ಇಳಿಯಿತು, ಸುಳ್ಳು ಯಾಕೆ ಹೇಳಲಿ, ಬಹಳ ಸುಖವಾಯಿತು.

ಅವರು ಕೆಂಡವಾದರು. ಕಣ್ಣಿಗೆ ಸೋಪು ಹೋಗಿ ತೆರೆಯಲಾಗುತ್ತಿರಲಿಲ್ಲ, ಯಾರನ್ನು ಬೈಯುತ್ತಿದ್ದೇನೆಂದು ಗೊತ್ತಾಗದೆ ಕರೆಪ್ಪಕಾಕಾನ ಟಗರಿಗೆ ಬೈದರು. ಕಟ್ಟೆಯ ಮೇಲೆ ಕೂತಿದ್ದ ಅವ್ವನೇ ಮರುಗಿದಳು. "ಬಾರಪಾ, ಮಾರಿ ತೊಳಕೊ. ಕಣ್ಣ ಉರೀತಾವ" ಎಂದು ತಂಬಿಗೆ ತುಂಬಿ ಕೊಟ್ಟಳು. ಖಚ್ಚರ್ ತೊಟ್ಟಿಯಲ್ಲಿ ಕಮಾಂಡರರು ಮುಖ ತೊಳೆದುಕೊಂಡು ಹೋದರು.

ಎಂಟು ದಿನ ಹೀಗೇ ನಡೆಯಿತು. ಬಂಗಲೆಗಳ ಹುಲ್ಲು ಒಣಗಿತು. ಒಂಬತ್ತನೆಯ ದಿನ ಮುರಿಗೆಪ್ಪನವರು ಶುಭಮ್‌ನನ್ನು ಕರೆದುಕೊಂಡು ತೊಟ್ಟಿಯ ಬಳಿ ಬಂದು, ಈ ಪೈಪಿನ ಅರ್ಧ ನೀರನ್ನು ಈಗಲೇ ಬಂಗಲೆಗೆ ತಿರುಗಿಸು ಎಂದರು.

"ಆಗೂದಿಲ್ರಿ. ಪ್ರಾಣಿ ಪಾಲು ಒಮ್ಮೆ ಮಂಜೂರ ಆತಂದ್ರ ಕಮ್ಮಿ ಮಾಡಾಕ ಬರೂದಿಲ್ಲ. ಮನಶ್ಯಾರದಾದ್ರ ಯಾವಾಗ ಬೇಕಾದ್ರೂ ಕಮ್ಮಿ ಮಾಡಬಹುದು. ಇಲ್ಲಿ ಖಚ್ಚರ ಇಲ್ಲ, ಮನಶ್ಯಾರ ಅದಾರ ಅಂತ ನೀವ ಬರದ ಸಹಿ ಮಾಡ್ರಿ" ಎಂದ ಶುಭಮ್.

ಮುರಿಗೆಪ್ಪನವರು ಕಾಗದ ತೆಗೆದು ಒಂದೇ ಸಾಲು ಗೀಚಿದರು. ನಾನು ಅಡ್ಡ ನಿಂತೆ. "ಹಂಗಲ್ರಿ. ಒಬ್ಬೊಬ್ಬರ ಹೆಸರ ಬರೀರಿ. ಮನಿಗೊಂದ ನಳಾ ಅಂತನೂ ಬರೀರಿ. ಇಲ್ಲಂದ್ರ ನಾವು ಖಚ್ಚರ ಆಗೇ ಇರ್ತೇವು, ನಮಗೇನ ತ್ರಾಸ ಇಲ್ಲ."

ಅವರು ಕಲ್ಲುತೊಟ್ಟಿಯ ಮೇಲೆ ಕೂತು ಬರೆದರು. ಹತ್ತು ವರ್ಷ ನಮ್ಮ ಬಾಗಿಲ ಮುಂದೆ ಬೆತ್ತ ತಿರುಗಿಸುತ್ತ ಓಡಾಡಿದ ಮನುಷ್ಯನಿಗೆ ನನ್ನದೊಂದು ಬಿಟ್ಟರೆ ಇನ್ನೊಂದು ಹೆಸರು ಗೊತ್ತಿರಲಿಲ್ಲ. ಕರೆಪ್ಪ, ಮುತ್ತಪ್ಪ, ಯಲ್ಲಾರಿ ಎಂದು ಒಬ್ಬೊಬ್ಬರೂ ಮುಂದೆ ಬಂದು ಹೇಳಬೇಕಾಯಿತು. "ಕುರಿ ಹೆಸರೂ ಬರ್ಕೋತೀರೇನ್ರಿ?" ಎಂದು ಕರೆಪ್ಪಕಾಕಾ ವಿಚಾರಿಸಿದ. ಕೊನೆಗೆ ರಾಮವ್ವ. ಅದರ ಕೆಳಗೆ, 'ಮೇಲ್ಕಂಡವರೆಲ್ಲರೂ ಮನುಷ್ಯರೆಂದು ಈ ಮೂಲಕ ದೃಢೀಕರಿಸುತ್ತೇನೆ' ಎಂದು ಬರೆದು ಸಹಿ ಹಾಕಿದರು. ಅದನ್ನು ನಾನು ಎಲ್ಲರಿಗೂ ಕೇಳುವಂತೆ ಜೋರಾಗಿ ಓದಿದೆ. ಗೆದ್ದೆ ಎಂದುಕೊಂಡೆ.

ಎರಡು ತಿಂಗಳಿಗೆ ನಳಗಳು ಬಂದವು, ಒಂದೊಂದಕ್ಕೂ ಮೀಟರ್ ಸಮೇತ. ಲಾಯ ಎಂಬುದು ಕಾಗದದಿಂದ ಹೋದ ಮೇಲೆ ತೊಟ್ಟಿಗೇನು ಕೆಲಸ? ಅದರ ದಪ್ಪ ಪೈಪನ್ನು ಬಂಗಲೆಗಳ ಕಡೆ ತಿರುಗಿಸಿ, ತೊಟ್ಟಿ ಒಡೆದು ಬಂಗಲೆಯವರ ವಾಕಿಂಗಿಗೆ ದಾರಿ ಮಾಡಿದರು. ನಮ್ಮ ಮನೆಯ ನಳವನ್ನು ಒಲೆಯ ಬಲಕ್ಕೇ ಹಾಕಿಸಿದೆ. ಅವ್ವ ಅದಕ್ಕೆ ಭಂಡಾರದ ಅರಿಶಿನ ಹಚ್ಚಿ, ಎರಡೂ ಕೈಯಿಂದ ತಿರುಗಿಸಿದಳು. ನೀರು ಬಂತು, ಕನ್ನಡಿಯಷ್ಟು ತಿಳಿಯಾದ ನೀರು. ಅವಳು ಅಂಗೈ ಒಡ್ಡಿ ಬಹಳ ಹೊತ್ತು ಹಾಗೇ ಹಿಡಿದುಕೊಂಡಳು. ನನಗೆ ಅಳು ಬಂತು, ಅತ್ತೆ.

ಎರಡು ಕೊಡ ತುಂಬಿತು. ಮೂರನೆಯದು ಅರ್ಧಕ್ಕೆ ಬರುವಷ್ಟರಲ್ಲಿ ನಳ ಕೊರಕೊರ ಎಂದು ನಿಂತಿತು. ಅವ್ವ ಮತ್ತೆ ತಿರುಗಿಸಿದಳು, ತಟ್ಟಿದಳು. ಕಮಾಂಡರ್ ಬಂಗಲೆಯ ಬಿಳಿ ತೊಟ್ಟಿ ತುಂಬುವ ಸದ್ದು ನಮ್ಮ ಅಡುಗೆಮನೆಯ ತನಕ ಕೇಳುತ್ತಿತ್ತು.

"ಯಾಕ ನಿಂತತಿ?"

"ನಮ್ಮ ಪಾಲು ಇಷ್ಟ ಯವ್ವಾ. ತಲಿಗೆ ಐದ ಗ್ಯಾಲನ್, ಮುಗೀತಂದ್ರ ಮೀಟರ ತಾನ ಬಂದ ಮಾಡತೈತಿ. ಈಗ ನಾವು ಮನಶ್ಯಾರ ಆಗೇವಲ್ಲ."

ಅವ್ವ ಅರ್ಧ ತುಂಬಿದ ಕೊಡವನ್ನೂ ನನ್ನ ಮುಖವನ್ನೂ ನೋಡಿದಳು. ಗೋಡೆ ಹಿಡಿದು ಮೆಲ್ಲಗೆ ಎದ್ದಳು.

"ಮೊದಲ ಹೇಳಬಾರದಾಗಿತ್ತೇನ? ಖಚ್ಚರ ಅಂತನ ಬರಸ್ತಿದ್ನಿ ನಾ."