ಸೊಟ್ಟ ಕಿರುಬೆರಳು

ಪರದೆಯ ಮೇಲೆ ಸೊಸೆ ಸೌಂದರ್ಯಾಳ ಕೆನ್ನೆ ಕೆಂಪಗಿದೆ, ಕೆಂಪಿನೊಳಗೆ ಬೆಳ್ಳಗೆ ನಾಲ್ಕು ಗೆರೆ, ನಾಲ್ಕನೆಯದು ತುದಿಯಲ್ಲಿ ಸೊಟ್ಟ — ಬಸಲಿಂಗವ್ವನಿಗೆ ಅದು ಗಾಜಿನ ಮೇಲಿನ ಕೊಳೆ ಅನ್ನಿಸಿತು, ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಈ ಕ್ಯಾಮೆರಾದಾಗ ಬಿಸಿ ಇದ್ದಲ್ಲಿ ಬೆಳ್ಳಗ ಕಾಣತೈತಿ ಅವ್ವಾ, ತಂಪಿದ್ದಲ್ಲಿ ನೀಲಿ, ಎಂದು ಮಗ ರುದ್ರೇಶ ಹೇಳುತ್ತಿದ್ದಾನೆ, ವರ್ಷಕ್ಕೊಮ್ಮೆ ಜನರಿಗೆ ವೀಕ್ಷಣಾಲಯದ ಬಾಗಿಲು ತೆರೆಯುವ ದಿನ, ನ್ಯೂಜಿಲೆಂಡಿನ ಒಟಾಗೊದ ಈ ಒಣ ಬೆಟ್ಟದ ತುದಿಯಲ್ಲಿ ಹುಲ್ಲೂ ನೆಟ್ಟಗಿಲ್ಲ, ಉಸಿರಾಡಿದರೆ ಮೂಗು ಉರಿಯುತ್ತದೆ, ಗಾಳಿಯಲ್ಲಿ ಪಸೆ ಇದ್ದರೆ ಚುಕ್ಕಿಗಳ ಬಿಸಿ ಇಲ್ಲಿಗೆ ಮುಟ್ಟುವುದಿಲ್ಲವಂತೆ, ದುರ್ಬೀನಿನ ಕ್ಯಾಮೆರಾವನ್ನು ಮಂಜುಗಡ್ಡೆಗಿಂತ ತಣ್ಣಗಿಡುವುದೇ ಇವನ ನೌಕರಿ, ನಮ್ಮ ಬಿಸಿನ ಅದಕ್ಕ ವೈರಿ ಅವ್ವಾ — ಥೂ, ತಣ್ಣಗಿಡುವವನಂತೆ! ಮಮ್, ಲುಕ್, ಫಿಂಗರ್ಸ್, ಎಂದು ಮೊಮ್ಮಗಳು ವಚನಾ ನಕ್ಕಳು, ಸೌಂದರ್ಯಾ ಮಫ್ಲರ್ ಎಳೆದುಕೊಂಡು ಕ್ಯಾಮೆರಾದ ಮುಂದಿನಿಂದ ಸರಿದಳು, ಹಾಗಾದರೆ ಸ್ವಲ್ಪ ಹೊತ್ತಿನ ಹಿಂದೆ ಚಟ್ ಎಂದದ್ದು ಕಾರಿನ ಬಾಗಿಲಲ್ಲ, ಮಗುವನ್ನು ಪಾಯಖಾನೆಗೆ ಕರೆದೊಯ್ದು ತಾನು ಮರಳುವಾಗ ಕೇಳಿದ್ದು. ಹೋದ ತಿಂಗಳು ಅಡುಗೆಮನೆಯಲ್ಲಿ, ಅತ್ತಿ, ಇವರು ಕೈ ಮಾಡತಾರ್ರಿ, ಎಂದಳಲ್ಲ, ತಾನು ಏನೆಂದೆ, ಸಿಟ್ಟಿನ ಮನಷಾ ಅದಾನ, ನೀನರ ಸುಮ್ಮನಿರವಾ — ತನ್ನ ಬಾಯಿಯೇ ತನಗೆ ಹೇಸಿಗೆ. ಗದಗಿನಲ್ಲಿ ಗಂಡ ಹೊಡೆದಾಗ ಅತ್ತೆಯೂ ಇದೇ ಮಾತು ಹೇಳಿ ಕೆನ್ನೆಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು, ಬೆಳಗಾಗುವಷ್ಟರಲ್ಲಿ ಗುರುತಿರುತ್ತಿರಲಿಲ್ಲ, ಗುರುತಿಲ್ಲದ್ದು ನಡೆದೇ ಇರಲಿಲ್ಲ. ಆ ಸೊಟ್ಟ ಕಿರುಬೆರಳು, ರುದ್ರೇಶ ಆರು ವರ್ಷದವನಿದ್ದಾಗ ಬಾಗಿಲ ಸಂದಿಗೆ ಸಿಕ್ಕು ಮುರಿದದ್ದು, ತಾನು ತಿಂಗಳುಗಟ್ಟಲೆ ಎಣ್ಣೆ ಹಚ್ಚಿ ನೀವಿದಳು, ಸೊಟ್ಟ ಹೋಗಲಿಲ್ಲ, ಜಳಕವಾದ ಮೇಲೆ ಅದೇ ಕೈ ಹಿಡಿದು ಮೂರು ಬೆರಳು ವಿಭೂತಿಗೆ ಒತ್ತಿ ಹಣೆಗೆ ಎಳೆದುಕೊಳ್ಳಲು ಕಲಿಸಿದಳು — ಮೂರು ಬೆರಳಿನದು ತಾನು ಕಲಿಸಿದ್ದು, ನಾಲ್ಕನೆಯದನ್ನು? ಅದನ್ನೂ ತಾನೇ, ಸುಮ್ಮನಿದ್ದು. ಅವ್ವಾ, ಯಾಕ ಹಂಗ ನಿಂತಿ, ಹಸದಿ ಏನ, ಎಂದು ರುದ್ರೇಶ ಡಬ್ಬಿಯಿಂದ ಶೇಂಗಾ ಹೋಳಿಗೆ ತೆಗೆದು ಚಾಚಿದ, ಬೆಳಿಗ್ಗೆ ಸೌಂದರ್ಯಾ ಬೇಯಿಸಿದ್ದು, ಎಣ್ಣೆ ಹತ್ತಿದ ಆ ಬೆರಳು ಅದರ ಅಂಚಿನಲ್ಲಿ. ಆ ಕೈಲೆ ಕೊಡಬ್ಯಾಡ, ಎಂದಳು, ಅಷ್ಟು ಜನರ ನಡುವೆ, ಗಟ್ಟಿಯಾಗಿ, ಯಾಕವ್ವಾ, ಏನಾತು, ಎಂದ ಅವನು, ಸೌಂದರ್ಯಾ ತಲೆಯೆತ್ತಿ ಅತ್ತೆಯನ್ನೇ ನೋಡುತ್ತಿದ್ದಾಳೆ, ಏನಾತು ಅಂದರ, ಅವಳ ಗಲ್ಲದ ಮ್ಯಾಲಿಂದು ಯಾರ ಕೈಯೋ ರುದ್ರಾ, ಅಲ್ಲಿ ನೋಡು — ಪರದೆಯಲ್ಲಿ ಈಗ ಸೊಸೆಯಿಲ್ಲ, ಬರೀ ನೀಲಿ ಗೋಡೆ, ನೀಲಿಯ ಮೇಲೆ ಅವನು ಚಾಚಿದ ಕೈ ಬೆಳ್ಳಗೆ, ಒಂದು, ಎರಡು, ಮೂರು, ನಾಲ್ಕನೆಯದು ತುದಿಯಲ್ಲಿ ಸೊಟ್ಟ, ತುದಿಯಲ್ಲಿ ಸೊಟ್ಟ